ವೈರಿಗಳ ಪ್ರೇಮದ ಸ್ಕಾಟಿಷ್ ಕಾದಂಬರಿ: ಇತಿಹಾಸ ಓದಿಕೊಂಡು ಹೋಗಬೇಕಾ? ಅನುಭವ ಹಂಚಿಕೊಳ್ಳಿ

ನಾಗವೇಣಿ_ಓದು: ಕಥೆ ನಡೆಯೋದು 1693ರಲ್ಲಿ, ಗ್ಲೆಂಕೋ ಹತ್ಯಾಕಾಂಡದ ಮರುವರ್ಷ. ಅವಳು ಮ್ಯಾಕ್‌ಡೊನಾಲ್ಡ್ ಕುಲ, ಅವನು ವೈರಿ ಕ್ಯಾಂಬೆಲ್ ಕುಲ, ಬಲವಂತದ ಮದುವೆ. ಹೆಸರುಗಳೇ ಗೋಜಲು. ಇತಿಹಾಸ ತಿಳ್ಕೊಂಡು ಬರಲಾ, ಹಾಗೇ ಓದ್ಕೊಂಡು ಹೋಗಲಾ?

ಕೋಟೆಬಾಗಿಲು: ಗ್ಲೆಂಕೋ ಗೊತ್ತಿಲ್ಲದೆ ಓದಿದರೆ ದುಡ್ಡು ದಂಡ. ದೊರೆ ವಿಲಿಯಂಗೆ ನಿಷ್ಠೆಯ ಪ್ರಮಾಣ ಮಾಡಲು 1692ರ ಜನವರಿ 1 ಗಡುವು. ಗ್ಲೆಂಕೋದ ಮ್ಯಾಕ್‌ಡೊನಾಲ್ಡರ ಮುಖಂಡ ಮ್ಯಾಕ್‌ಇಯನ್ ಡಿಸೆಂಬರ್ 31ಕ್ಕೆ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂ ಕೋಟೆಗೆ ಹೋದ. ಅಲ್ಲಿನ ಅಧಿಕಾರಿಗೆ ಪ್ರಮಾಣ ಮಾಡಿಸುವ ಅಧಿಕಾರವೇ ಇರಲಿಲ್ಲ. ಹಿಮದಲ್ಲಿ ಇನ್ವರೇರಿ ಊರಿಗೆ ನಡೆದು ಮುಗಿಸುವಾಗ ಜನವರಿ 6. ಫೆಬ್ರುವರಿಯಲ್ಲಿ ಒಬ್ಬ ಕ್ಯಾಂಬೆಲ್ ಕ್ಯಾಪ್ಟನ್‌ನ ಕೈಕೆಳಗಿನ ಸುಮಾರು 120 ಸೈನಿಕರು ಅದೇ ಜನರ ಮನೆಗಳಲ್ಲಿ ಹನ್ನೆರಡು ದಿನ ಉಂಡು ಮಲಗಿ, 13ರ ಬೆಳಗಿನ ಜಾವ ಕತ್ತಿ ಎತ್ತಿದರು. ಸತ್ತವರು 38, ಹಿಮಕ್ಕೆ ಓಡಿ ಸತ್ತವರು ಬೇರೆ. ಗಾಯ ಇರೋದು ಉಂಡ ಮನೆಗೆ ಎರಡು ಬಗೆದದ್ದರಲ್ಲಿ. ಅಲ್ಲಿನ ಕಾನೂನಿನಲ್ಲೂ ನಂಬಿಸಿ ಕೊಲ್ಲುವುದು ಆಗ ಮಾಮೂಲಿ ಕೊಲೆಗಿಂತ ದೊಡ್ಡ ಅಪರಾಧವಾಗಿತ್ತು. ಹಾಗಾಗಿ ನಾಯಕಿ ಅವನಿಗೆ ಮೊದಲ ಸಲ ಊಟ ಬಡಿಸುವ ಪುಟ ತೆಗೆದು ನೋಡಿ. ಅಲ್ಲಿ ಅವಳ ಕೈ ತಡೆಯದಿದ್ದರೆ ಪುಸ್ತಕ ಮುಚ್ಚಿಡಿ.

ಪುಟತಿರುವು: ಪರೀಕ್ಷೆಗೆ ಕೂತಿದ್ದಾರಾ ಅವರು? ಗೋಜಲಿಗೆ ಕಾರಣ ಬೇರೆ. ಜಮೀನುದಾರನನ್ನು ಅವನ ಜಾಗದ ಹೆಸರಿನಿಂದಲೇ ಕರೀತಾರೆ. ಸೈನಿಕರ ಕ್ಯಾಪ್ಟನ್ ರಾಬರ್ಟ್ ಕ್ಯಾಂಬೆಲ್, ಗ್ಲೆನ್‌ಲಯನ್, ಇಬ್ಬರಲ್ಲ, ಒಬ್ಬನೇ. ಒಂದು ಚೀಟಿಯಲ್ಲಿ ಮೂರು ಕಾಲಂ ಹಾಕಿ: ಹೆಸರು, ಜಾಗ, ಯಾರ ಋಣದಲ್ಲಿದ್ದಾನೆ. ಮೂರನೆಯದೇ ಮುಖ್ಯ, ಕಥೆ ತಿರುಗೋದು ಅಲ್ಲೇ. ಆಮೇಲೆ ಇಬ್ಬರಲ್ಲಿ ಒಬ್ಬರು ತಮ್ಮ ಕುಲಕ್ಕೆ ನಷ್ಟವಾಗುವಂತೆ ಮೊದಲು ನಡೆದುಕೊಳ್ಳೋದು ಎಲ್ಲಿ ಅಂತ ಗುರುತು ಹಾಕಿ. ಮೂರನೇ ಒಂದು ಭಾಗದೊಳಗೇ ಬಂದರೆ ಉಳಿದದ್ದು ರಬ್ಬರ್ ಎಳೆತ. ಕೊನೇ ಅಧ್ಯಾಯಕ್ಕೆ ಬಂದರೆ ಅಷ್ಟು ಹೊತ್ತೂ ಬರೀ ಮೈಸೆಳೆತ, ನಂಬಿಕೆ ಹುಟ್ಟಿರಲ್ಲ.

ಕೆಂಪುಶಾಯಿ: ಮುಖಪುಟ ನೋಡಿದ್ರಾ ಯಾರಾದ್ರೂ? 1693ಕ್ಕೆ ಹೊಲಿದ ನೆರಿಗೆಯ ಗಿಡ್ಡ ಕಿಲ್ಟ್, ಅಂದರೆ ಗಂಡಸರ ಲಂಗದಂಥ ಉಡುಗೆ! ಅದು ಹದಿನೆಂಟನೇ ಶತಮಾನದ್ದು. ಆಗ ಉಡುತ್ತಿದ್ದದ್ದು ನೆರಿಗೆ ಹೊಲಿಯದ ಉದ್ದ ಉಣ್ಣೆ ಬಟ್ಟೆ. ಕೈಯಲ್ಲೇ ನೆರಿಗೆ ಹಿಡಿದು ಬೆಲ್ಟ್ ಬಿಗಿದು, ಮಿಕ್ಕದ್ದನ್ನು ಹೆಗಲಿಗೆ ಎಸೆಯೋದು. ಬೆಲ್ಟ್ ಬಿಚ್ಚಿದರೆ ಅಷ್ಟೂ ನೆಲಕ್ಕೆ! ಮೊದಲ ರಾತ್ರಿಯ ದೃಶ್ಯದಲ್ಲಿ ‘ಕಿಲ್ಟ್ ಗುಂಡಿ’ ಬಂದರೆ ನಕ್ಕುಬಿಡಿ. ಕುಲಕ್ಕೊಂದು ಟಾರ್ಟನ್ (ಬಣ್ಣದ ಚೌಕಳಿ ವಿನ್ಯಾಸ) ಅನ್ನೋದು ಬೇರೂರಿದ್ದು 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಮೇಲೆ.

ಪುಟತಿರುವು: ಬಟ್ಟೆ ಅಳೆಯೋಕೆ ಟೈಲರ್ ಅಂಗಡಿ ಇದೆ ಸರ್.

ಕೆಂಪುಶಾಯಿ: ಟಾರ್ಟನ್ ನೋಡಿ ಶತ್ರುವನ್ನು ಗುರುತಿಸುವ ದೃಶ್ಯದ ಮೇಲೇ ಪ್ಲಾಟ್ ನಿಂತಿರತ್ತೆ, ಅದು ಬಿದ್ರೆ ಎಲ್ಲಾ ಬಿತ್ತು. ರಬ್ಬರ್ ಅಳೆಯೋರಿಗೆ ಅರ್ಥ ಆಗಲ್ಲ ಬಿಡಿ.

ಸಾಕ್ಷಿ_ಇಬ್ಬರು: ಮದುವೆ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ. ಸ್ಕಾಟ್ಸ್ ಕಾನೂನಿನಲ್ಲಿ 1940ರವರೆಗೂ ಪಾದ್ರಿ ಬೇಕಿರಲಿಲ್ಲ. ‘ಈಗಲೇ ನಿನ್ನನ್ನು ಕೈಹಿಡಿದೆ’ ಅಂತ ಇಬ್ಬರೂ ಒಪ್ಪಿ ಹೇಳಿದರೆ ಮದುವೆ. ಸಾಕ್ಷಿ ಬೇಕಾದದ್ದು ಆಮೇಲೆ ರುಜುವಾತಿಗೆ. ಒಪ್ಪಿಗೆಯೇ ಬುನಾದಿ, ಆದ್ದರಿಂದ ಬಲವಂತದ ಮದುವೆ ಅಂದಕೂಡಲೇ ಲೇಖಕಿ ಅದನ್ನು ಹೇಗೆ ಊರ್ಜಿತ ಮಾಡ್ತಾರೆ ನೋಡಿ. ಆಗ ಮದುವೆಯಾದ ಮೇಲೂ ಹೆಂಗಸಿಗೆ ಅಪ್ಪನ ಮನೆಯ ಹೆಸರೇ. ಇನ್ನೊಂದು: ಮ್ಯಾಕ್‌ಇಯನ್‌ನ ಕಿರಿಯ ಮಗನ ಹೆಂಡತಿ ಇದೇ ಗ್ಲೆನ್‌ಲಯನ್‌ನ ಒಡಹುಟ್ಟಿದವರ ಮಗಳು. ಎರಡು ಕುಲದ ನಡುವೆ ಮದುವೆಯೇ ಅಸಾಧ್ಯ ಅನ್ನೋ ಪುಸ್ತಕ ಸುಳ್ಳು.

ಕೋಟೆಬಾಗಿಲು: ನೋಡಿ, ಇತಿಹಾಸ ಬೇಕು ಅಂತಲೇ ನಾನೂ ಹೇಳಿದ್ದು. ಬ್ರಿಟಿಷ್ ದೊರೆಯ ವಿರುದ್ಧದ 1745ರ ದಂಗೆಯಲ್ಲಿ ಸೆರೆಯಾದ ಲಾರ್ಡ್ ಮ್ಯಾಕ್ಲಿಯಾಡ್ 1777ರಲ್ಲಿ ಅದೇ ಬ್ರಿಟಿಷರಿಗೆ ಹೈಲ್ಯಾಂಡ್ ರೆಜಿಮೆಂಟ್ ಕಟ್ಟಿಕೊಟ್ಟ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಸೈನ್ಯಕ್ಕೆ ಸಿಕ್ಕಿ ಶ್ರೀರಂಗಪಟ್ಟಣದ ಸೆರೆಗೆ ಬಂದ ಅಧಿಕಾರಿ ಬೇರ್ಡ್ ಅದೇ ರೆಜಿಮೆಂಟಿನವನು.

ಪುಟತಿರುವು: ಬಂತಲ್ಲ ಶ್ರೀರಂಗಪಟ್ಟಣ! ನಾಗವೇಣಿ ಅವರೇ, ಚೀಟಿ ಬರೆದು ಓದಿ. ಇವರು 1799ಕ್ಕೆ ಹೊರಟಿದ್ದಾರೆ.