ಮೊಟ್ಟೆಯೊಳಗೇ ಸತ್ತ ಮರಿಗಳು: ಕರೆಂಟ್ ಹೋಗಿದ್ದಕ್ಕಾ, ಗಾಳಿ ಸಾಲದ್ದಕ್ಕಾ?

ಕೋಳಿಗೂಡು_ಮದ್ದೂರು:
ಎಲ್ಲರಿಗೂ ನಮಸ್ಕಾರ. ಮದ್ದೂರಿನ ಹತ್ತಿರ ನಮ್ಮ ಹಳ್ಳಿ. ಥರ್ಮಾಕೋಲ್ ಡಬ್ಬದಲ್ಲಿ ನಾನೇ ಇನ್‌ಕ್ಯುಬೇಟರ್ ಮಾಡಿಕೊಂಡು ನಾಟಿ ಕೋಳಿ ಮರಿ ಮಾಡಿಸುತ್ತೇನೆ. ಎರಡು ಸಲ ಚೆನ್ನಾಗಿ ಬಂತು. ಈ ಸಲ 32 ಮೊಟ್ಟೆ ಇಟ್ಟಿದ್ದೆ. 18ನೇ ದಿನ ಟಾರ್ಚ್ ಹಿಡಿದು ನೋಡಿದಾಗ 27ರಲ್ಲಿ ಜೀವ ಇತ್ತು. ಮಾರನೇ ರಾತ್ರಿ ಕರೆಂಟ್ ಹೋಯಿತು, ಬಂದಿದ್ದು ಬೆಳಗಿನ ಜಾವ. ಕಾವು ಆರಿಹೋಗುತ್ತಲ್ಲಾ ಅಂತ ಗಾಬರಿಯಾಗಿ ಗಾಳಿ ತೂತಿಗೆಲ್ಲ ಟೇಪ್ ಅಂಟಿಸಿ, ಮೇಲೆ ಎರಡು ಕಂಬಳಿ ಸುತ್ತಿ ಮಲಗಿದೆ. ಹೊರಗೆ ಬಂದಿದ್ದು 8 ಮರಿ. ಮಿಕ್ಕಿದ್ದನ್ನು ಒಡೆದು ನೋಡಿದರೆ ಪುಕ್ಕ ಎಲ್ಲಾ ಬಂದಿದೆ, ಕೊಕ್ಕು ಮೊಟ್ಟೆಯ ದಪ್ಪ ತುದಿ ಕಡೆ ತಿರುಗಿಸಿಕೊಂಡು ಹಾಗೇ ಸತ್ತಿವೆ. ನೋಡೋಕಾಗಲಿಲ್ಲ.

ಔಷಧಿ ಅಂಗಡಿಯವರು ವಿಟಮಿನ್ ಇ, ಸೆಲೆನಿಯಂ ಕೊಡಿ, ಅದು ಆಂಟಿಆಕ್ಸಿಡೆಂಟ್, ಗಾಳಿ ಕಮ್ಮಿಯಾದರೂ ಮರಿ ತಡೆದುಕೊಳ್ಳುತ್ತೆ ಅಂದರು. ನನಗೆ ಅರ್ಥ ಆಗದ್ದು ಇಷ್ಟೇ. ಆಕ್ಸಿಜನ್ ಜಾಸ್ತಿಯಾದರೆ ತಾನೇ ಆಂಟಿಆಕ್ಸಿಡೆಂಟ್ ಬೇಕು? ಕಮ್ಮಿಯಾದಾಗ ಯಾಕೆ? ಮೊಟ್ಟೆಗೆ ಸಿರಿಂಜಿನಲ್ಲಿ ಹಾಕಬಹುದಾ?

ಪಾಂಡವಪುರದವನು:
ಅಣ್ಣ, ಬೇಜಾರಾಗಬೇಡಿ, ಕೊಂದಿದ್ದು ಕರೆಂಟಲ್ಲ, ಟೇಪು. ಕಾವಿಗೆ ಕೂತ ಕೋಳಿ ದಿನಾ ಎದ್ದು ಕಾಳು ತಿಂದು ಬರಲ್ವಾ? ಅಷ್ಟು ಹೊತ್ತು ಮೊಟ್ಟೆ ತಣ್ಣಗೇ ಇರುತ್ತೆ, ಏನೂ ಆಗಲ್ಲ. ಅದೂ 19ನೇ ದಿನಕ್ಕೆ ಮರಿಗಳೇ ಬಿಸಿ ಬಿಡುತ್ತವೆ. ನೀವು ಕಂಬಳಿ ಹೊದಿಸಿ ಬೇಯಿಸಿದ್ದೀರಿ.

ಲ್ಯಾಬ್‌ಕೋಟು_ಮೈಸೂರು:
ಪಾಂಡವಪುರದವರು ಹೇಳಿದ್ದು ಸರಿ, ಆದರೆ ಬೇಯಿಸಿದ್ದರ ಜೊತೆಗೆ ಉಸಿರೂ ಕಟ್ಟಿಸಿದಿರಿ. ಮೊಟ್ಟೆ ಚಿಪ್ಪಿನಲ್ಲಿ ಸುಮಾರು 10,000 ಸಣ್ಣ ತೂತು ಇರುತ್ತವೆ. 21 ದಿನದಲ್ಲಿ ಒಂದು ಮೊಟ್ಟೆ ಅವುಗಳ ಮೂಲಕ ಹೆಚ್ಚುಕಮ್ಮಿ 6 ಲೀಟರ್ ಆಮ್ಲಜನಕ ಎಳೆದುಕೊಳ್ಳುತ್ತೆ, ಅದರಲ್ಲಿ ಹೆಚ್ಚಿನ ಪಾಲು ಕೊನೆಯ ವಾರದಲ್ಲೇ. 27 ಮರಿ, ಮುಚ್ಚಿದ ಡಬ್ಬ, ಇಡೀ ರಾತ್ರಿ. ನೀವೇ ಲೆಕ್ಕ ಹಾಕಿ.

ಈಗ ನಿಮ್ಮ ಪ್ರಶ್ನೆ. ತುಂಬಾ ಒಳ್ಳೇ ಪ್ರಶ್ನೆ, ನಮ್ಮ ಕ್ಲಾಸಿನಲ್ಲೂ ಯಾರೂ ಕೇಳಿರಲಿಲ್ಲ. ನಿಮ್ಮ ಕಡೆ ಆಲೆಮನೆ ನೋಡಿರ್ತೀರಲ್ಲ, ಒಲೆಗೆ ಗಾಳಿ ಸರಿಯಾಗಿ ಆಡದಿದ್ದರೆ ಬೆಂಕಿ ಆರಲ್ಲ, ಹೊಗೆ ಜಾಸ್ತಿಯಾಗುತ್ತೆ. ಜೀವಕೋಶದ ಒಳಗೂ ಹಾಗೇ. ಆಹಾರ ಉರಿಸಿ ಶಕ್ತಿ ಮಾಡುವ ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನುಗಳು ಕೊನೆಗೆ ಆಮ್ಲಜನಕಕ್ಕೆ ಹೋಗಿ ಸೇರಬೇಕು. ಅದು ಸಾಲದಾದರೆ ಹಿಂದೆ ಸಾಲುಗಟ್ಟಿ ನಿಂತು, ದಾರಿ ಮಧ್ಯೆಯೇ ಸೋರಿ, ಇದ್ದಬದ್ದ ಆಮ್ಲಜನಕವನ್ನು ಹಿಡಿದು ಕೆಟ್ಟ ಕಿಡಿಗಳಾಗುತ್ತವೆ. ಬೆಳಗ್ಗೆ ನೀವು ಮುಚ್ಚಳ ತೆಗೆದಾಗ ಒಮ್ಮೆಲೇ ಗಾಳಿ ಬಂತಲ್ಲ, ಆಗ ಇನ್ನೂ ಜೋರು. ಕೋಳಿ ಮರಿಯ ಮೆದುಳಲ್ಲಿ ಬೇಗ ಕಮಟು ಹಿಡಿಯೋ ಥರದ ಕೊಬ್ಬೇ ಜಾಸ್ತಿ, ಕಿಡಿ ಮೊದಲು ಹತ್ತೋದು ಅಲ್ಲಿಗೆ. ಆ ಕಿಡಿ ತಡೆಯೋದಕ್ಕೇ ಆಂಟಿಆಕ್ಸಿಡೆಂಟ್ ಅನ್ನೋದು. ವಿಟಮಿನ್ ಇ ಆ ಕೊಬ್ಬನ್ನು ಕಾಯುತ್ತೆ. ಸೆಲೆನಿಯಂ, ಕಿಡಿ ಆರಿಸುವ ಒಂದು ಕಿಣ್ವದ ಭಾಗ.

ಆದರೆ ಇದೆಲ್ಲ ಹೊಗೆಗೆ ಮದ್ದು, ಗಾಳಿಗೆ ಬದಲಿ ಅಲ್ಲ. ಕೇಂಬ್ರಿಡ್ಜಿನ ವಿಜ್ಞಾನಿ ಡಿನೋ ಜುಸ್ಸಾನಿ ಅವರ ತಂಡ ಬೊಲಿವಿಯಾದಲ್ಲಿ, 3,600 ಮೀಟರ್ ಎತ್ತರದ, ಆಮ್ಲಜನಕ ಕಮ್ಮಿ ಸಿಗೋ ಲಾ ಪಾಸ್‌ನಲ್ಲಿ ಮೊಟ್ಟೆ ಕಾವಿಗಿಟ್ಟು ನೋಡಿತ್ತು. ತಗ್ಗಿನ ಊರಿನ ಕೋಳಿಗಳ ಮೊಟ್ಟೆಯಲ್ಲಿ ಮರಿ ಸಣ್ಣದಾಯಿತು. ಅಲ್ಲೇ ಆಮ್ಲಜನಕ ಸೇರಿಸಿ ಕೊಟ್ಟಾಗ ಸರಿಹೋಯಿತು. ಆಮೇಲೆ 2016ರಲ್ಲಿ ಅವರದೇ ತಂಡ, ಆಮ್ಲಜನಕ ಕಮ್ಮಿ ಇಟ್ಟ ಮೊಟ್ಟೆಗಳಿಗೆ ಮೆಲಟೋನಿನ್ (ನಿದ್ದೆಯ ಹಾರ್ಮೋನು, ಇದೂ ಆಂಟಿಆಕ್ಸಿಡೆಂಟ್) ಕೊಟ್ಟರೆ ಮರಿಯ ಹೃದಯ, ರಕ್ತನಾಳದ ತೊಂದರೆ ತಗ್ಗುತ್ತೆ ಅಂತ ತೋರಿಸಿತು. ಅಳತೆ ಇಟ್ಟು ಲ್ಯಾಬಿನಲ್ಲಿ ಮಾಡಿದ್ದು ಅದು. ನೀವು ಮನೆಯಲ್ಲಿ ಸಿರಿಂಜ್ ಚುಚ್ಚಿದರೆ ಕ್ರಿಮಿ ಒಳಗೆ ಹೋಗಿ ಮೊಟ್ಟೆ ಕೊಳೆಯುತ್ತೆ, ಅಷ್ಟೇ.

ಕೊಡೋದಿದ್ದರೆ ತಾಯಿ ಕೋಳಿಗೆ ಕೊಡಿ. ಕೋಳಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ದೊಡ್ಡದಾಗೋಕೆ ಹತ್ತು ದಿನ ಬೇಕು, ಹಾಗಾಗಿ ಮೊಟ್ಟೆ ಎತ್ತಿಡೋಕೆ ಎರಡು ಮೂರು ವಾರ ಮುಂಚೆಯೇ ಶುರು ಮಾಡಿ. ನುಗ್ಗೆಸೊಪ್ಪು ಹಾಕಿ, ಕಮಟು ಹಿಂಡಿ ಹಾಕಬೇಡಿ. ಸೆಲೆನಿಯಂ ಮಾತ್ರ ಪಶುವೈದ್ಯರನ್ನು ಕೇಳಿಯೇ ಕೊಡಿ, ಸ್ವಲ್ಪ ಹೆಚ್ಚಾದರೂ ವಿಷ.

ಕೆರೆಏರಿ:
ಮೇಡಂ, ವಿಷಯ ಬಿಟ್ಟು ಕೇಳ್ತಿದ್ದೀನಿ. ನಮ್ಮ ಮನೆಯವಳಿಗೆ ಈಗ ಮೂರು ತಿಂಗಳು. ಮಗುವಿಗೆ ಒಳ್ಳೇದು ಅಂತ ವಿಟಮಿನ್ ಸಿ, ಇ ಮಾತ್ರೆ ತಂದುಕೊಡಲಾ?

ಲ್ಯಾಬ್‌ಕೋಟು_ಮೈಸೂರು:
ಸುಮ್ನೆ ತರಬೇಡಿ ಸರ್, ಡಾಕ್ಟರ್ ಬರೆದದ್ದು ಮಾತ್ರ. ಬಸುರಿಯರ ಬಿಪಿ ತೊಂದರೆ ತಡೆಯುತ್ತೇನೋ ಅಂತ ಇಂಗ್ಲೆಂಡ್ ಕಡೆ ಸುಮಾರು 2,400 ಹೆಂಗಸರ ಮೇಲೆ ಪರೀಕ್ಷೆ ಮಾಡಿದ್ದರು. ದಿನಕ್ಕೆ 1,000 ಮಿಲಿಗ್ರಾಂ ಸಿ, 400 ಯೂನಿಟ್ ಇ. 2006ರಲ್ಲಿ ಫಲಿತಾಂಶ ಬಂತು. ತೊಂದರೆ ತಪ್ಪಲಿಲ್ಲ, ಉಲ್ಟಾ ತೂಕ ಕಮ್ಮಿ ಇರೋ ಮಕ್ಕಳು ಜಾಸ್ತಿ ಹುಟ್ಟಿದವು. ಇನ್ನೊಂದು, ಮೊದಲ ಹತ್ತು ವಾರ ಗರ್ಭದಲ್ಲಿ ಆಮ್ಲಜನಕ ಕಮ್ಮಿ ಇರೋದೇ ಸಹಜ, ಎಳೇ ಪಿಂಡಕ್ಕೆ ಆ ಕಿಡಿಗಳಿಂದ ಅದೇ ರಕ್ಷಣೆ. ಕೋಳಿ ಲೆಕ್ಕ ಮನುಷ್ಯರಿಗೆ ಹಾಕೋಕಾಗಲ್ಲ.

ಕೋಳಿಗೂಡು_ಮದ್ದೂರು:
ತುಂಬಾ ಥ್ಯಾಂಕ್ಸ್ ಮೇಡಂ, ಅಣ್ಣ. ಟೇಪ್ ಕಿತ್ತೆ, ಇನ್ನೂ ಎರಡು ತೂತು ಕೊರೆದೆ. ಟೇಪಿನ ಅಂಟು ಮಾತ್ರ ಹೋಗ್ತಿಲ್ಲ, ಪೆಟ್ರೋಲ್ ಹಾಕಿ ಒರೆಸಲಾ?

ಪಾಂಡವಪುರದವನು:
ಅಯ್ಯೋ ಬೇಡ ಅಣ್ಣ, ಥರ್ಮಾಕೋಲ್ ಕರಗಿ ಡಬ್ಬವೇ ಇರಲ್ಲ.