ಚರ್ಚಾಸಂಘಕ್ಕೆ ಮತ್ತೆ ಜನ ಸೇರಿಸೋದು ಹೇಗೆ?

ಪ್ರಶ್ನೆ:
ನಮ್ಮ ಕಾಲೇಜಿನ ಚರ್ಚಾಸಂಘಕ್ಕೆ ಈಗ ಬರೋದು ಎಂಟು ಜನ, ಎಲ್ಲರೂ ಸೀನಿಯರ್‌ಗಳೇ. ವರ್ಷದ ಶುರುವಿನಲ್ಲಿ ಹೆಸರು ಕೊಟ್ಟವರು ಎರಡನೇ ವಾರದಿಂದ ಪತ್ತೆ ಇಲ್ಲ. ವಾರಕ್ಕೊಮ್ಮೆ ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿಯಲ್ಲಿ (ಇಬ್ಬಿಬ್ಬರ ನಾಲ್ಕು ತಂಡ, ಎರಡು ಪರ, ಎರಡು ವಿರೋಧ) ಪೂರ್ತಿ ಚರ್ಚೆ ನಡೆಸ್ತೀವಿ. ಕಾಲೇಜು ಕೊಡುತ್ತಿದ್ದ ದುಡ್ಡೂ ನಿಂತಿದೆ. ಮೊದಲು ಯಾವುದಕ್ಕೆ ಕೈ ಹಾಕೋಣ?

ಉತ್ತರ 1:
ಪದ್ಧತಿಗೇ ಕೈ ಹಾಕಿ. 15 ನಿಮಿಷ ತಯಾರಿ, 8 ಮಂದಿಗೆ ತಲಾ 7 ನಿಮಿಷ, ಮೇಲೆ ತೀರ್ಪು ಅಂದರೆ ಒಂದೂವರೆ ಗಂಟೆ ಆಯ್ತು. ಅಷ್ಟು ಹೊತ್ತೂ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತವರು ಮತ್ತೆ ಯಾಕೆ ಬರ್ತಾರೆ? ಬಂದ ದಿನವೇ ಅವರು ಎದ್ದು ನಿಂತು ಮಾತಾಡಬೇಕು.

ಮೊದಲ ನಾಲ್ಕು ವಾರ ವಿಷಯವನ್ನು ಎರಡು ದಿನ ಮುಂಚೆ ತಿಳಿಸಿ. ಪರಕ್ಕೆ ಇಬ್ಬರು, ವಿರೋಧಕ್ಕೆ ಇಬ್ಬರು, ತಲಾ 3 ನಿಮಿಷ. ಪ್ರತಿ ಜೋಡಿಯಲ್ಲಿ ಒಬ್ಬರು ಹೊಸಬರು, ಒಬ್ಬರು ಸೀನಿಯರ್. ಮಾತಿನ ನಡುವೆ ಎದುರಾಳಿಗಳ ಪ್ರಶ್ನೆ ಬೇಡ. ತೀರ್ಪುಗಾರರು ಅಭಿಪ್ರಾಯ ಹೇಳೋದೂ ಸೇರಿ ಒಂದು ಸುತ್ತಿಗೆ 20 ನಿಮಿಷ. ಎರಡು ಕೋಣೆ ಸಿಕ್ಕರೆ ಒಂದೇ ಗಂಟೆಯಲ್ಲಿ 12 ಹೊಸಬರು ಮಾತಾಡಿರ್ತಾರೆ. ನಿಮ್ಮ ಎಂಟೂ ಜನಕ್ಕೆ ಕೆಲಸ ಇದೆ: ಕೋಣೆಗೆ ಇಬ್ಬರು ಮಾತಿಗೆ, ಒಬ್ಬರು ತೀರ್ಪಿಗೆ, ಒಬ್ಬರು ಗಡಿಯಾರಕ್ಕೆ.

ವಿಷಯ ಓದಿಕೊಂಡೇ ಬರಬೇಕಾದಂಥದ್ದು ಬೇಡ. "ಹಾಜರಾತಿ ಕಡ್ಡಾಯ ಇರಬಾರದು" ಅಂದರೆ ಯಾರಿಗಾದರೂ ಹೇಳೋಕೆ ಏನಾದರೂ ಇರುತ್ತೆ. ಐದನೇ ವಾರ 5 ನಿಮಿಷಕ್ಕೆ ಏರಿಸಿ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ಪ್ರಶ್ನೆಗೆ ಅವಕಾಶ ಕೊಡಿ.

ಉತ್ತರ 2:
ಮೇಲಿನದಕ್ಕೆ ಒಪ್ಪಿಗೆ. ಆದರೆ ಸೀನಿಯರ್‌ಗಳ ಅಭ್ಯಾಸಕ್ಕೆ ಬೇರೆ ದಿನ ಇಡಿ, ಇಲ್ಲದಿದ್ದರೆ ತಿಂಗಳೊಳಗೆ ಅವರೂ ಜಾರಿಕೊಳ್ತಾರೆ.

ಹೊಸಬರು ಓಡಿಹೋಗೋದು ಹೆಚ್ಚಾಗಿ ತೀರ್ಪುಗಾರರು ಅಭಿಪ್ರಾಯ ಹೇಳುವ ಹೊತ್ತಿಗೆ. ಒಂದೇ ಉಸಿರಿಗೆ ಹತ್ತು ತಪ್ಪು ಎಣಿಸಬೇಡಿ. ಅವರದೇ ಒಂದು ಮಾತು ಎತ್ತಿ "ಇದು ನಾಟಿತು" ಅನ್ನಿ, ತಿದ್ದೋಕೆ ಒಂದೇ ಒಂದು ಕೊಡಿ. "ಆತ್ಮವಿಶ್ವಾಸ ಸಾಲದು" ಅಂದರೆ ಅವರು ಮಾಡೋದಾದರೂ ಏನು? "ಎರಡನೇ ವಾದಕ್ಕೆ ಕಾರಣ ಕೊಡಲಿಲ್ಲ, ಮುಂದಿನ ಸಲ 'ಯಾಕೆಂದರೆ' ಅಂತ ಎರಡು ವಾಕ್ಯ ಸೇರಿಸಿ" ಅಂದರೆ ಮಾಡ್ತಾರೆ.

ಬರದೆ ಹೋದವರಿಗೆ ಗುಂಪಿನಲ್ಲಿ ಮೆಸೇಜ್ ಹಾಕಬೇಡಿ, ಒಬ್ಬೊಬ್ಬರಿಗೇ ಬರೆಯಿರಿ.

ಉತ್ತರ 3:
ದುಡ್ಡಿನ ವಿಷಯ: "ಪ್ರೋತ್ಸಾಹ ಕೊಡಿ" ಅಂತ ಅರ್ಜಿ ಹಾಕಿದರೆ ಅದು ಕಡತದಲ್ಲೇ ಉಳಿಯುತ್ತೆ. ಆರು ವಾರದ ಹಾಜರಿ ಲೆಕ್ಕ ಸೇರಿಸಿ ಒಂದೇ ಪುಟದಲ್ಲಿ ಕೇಳಿ: ಇಡೀ ಸೆಮಿಸ್ಟರ್‌ ಪ್ರತಿ ವಾರ ಅದೇ ದಿನ, ಅದೇ ಕೋಣೆ, ಹೆಸರು ಹೇಳಿ ಒಂದು ಸ್ಪರ್ಧೆಯ ಪ್ರವೇಶ ಶುಲ್ಕ, ಪ್ರಯಾಣದ ಖರ್ಚು. ಎಷ್ಟೋ ಸ್ಪರ್ಧೆಗಳಲ್ಲಿ ತಂಡಗಳ ಸಂಖ್ಯೆಗೆ ತಕ್ಕಂತೆ ತೀರ್ಪುಗಾರರನ್ನೂ ನೀವೇ ಕರೆದೊಯ್ಯಬೇಕು. ಮೂರು ತಂಡಕ್ಕೆ ಇಬ್ಬರು ಅನ್ನೋ ನಿಯಮ ಸಾಮಾನ್ಯ. ಅವರ ಖರ್ಚು ಬಿಟ್ಟುಹೋದರೆ ಕೊನೇ ಗಳಿಗೆಯಲ್ಲಿ ಒಂದು ತಂಡವನ್ನೇ ಕೈಬಿಡಬೇಕಾಗುತ್ತೆ. ಮಾತಾಡೋಕೆ ಹಿಂಜರಿಯುವವರನ್ನು ಈಗಿನಿಂದಲೇ ತೀರ್ಪಿಗೆ ತಯಾರು ಮಾಡಿ.