ಡಿಜಿ ಸೆಟ್ ಅಲಾರಂ ವೈರಿಂಗ್: ಮೇಷ್ಟ್ರನ್ನ ಕೇಳಿ

ಪ್ಯಾನೆಲ್ ಮೇಷ್ಟ್ರು, ಪೀಣ್ಯ: ಎಲ್ಲರಿಗೂ ನಮಸ್ಕಾರ. ಹತ್ತು ಗಂಟೆವರೆಗೆ ಇರ್ತೀನಿ. ಡಿಜಿ ಸೆಟ್ಟಿನ, ಅಂದ್ರೆ ಡೀಸೆಲ್ ಜನರೇಟರಿನ, ಕಂಟ್ರೋಲ್, ಅಲಾರಂ ವೈರಿಂಗ್ ಬಗ್ಗೆ ಕೇಳಿ. ರೇಟ್ ಕೇಳಬೇಡಿ.

ಅಪಾರ್ಟ್‌ಮೆಂಟ್ ಸೆಕ್ರೆಟರಿ, ಯಲಹಂಕ: ಸರ್, ಕರೆಂಟ್ ಬಂದ ಮೇಲೂ ನಮ್ಮ ಜನರೇಟರ್ ಐದು ನಿಮಿಷ ಓಡ್ತಾನೇ ಇರುತ್ತೆ. ಆ ಡೀಸೆಲ್ ದುಡ್ಡು ಯಾರದ್ದು ಅಂತ ಮೀಟಿಂಗಲ್ಲಿ ದೊಡ್ಡ ಗಲಾಟೆ. ರಿಲೇ ಕೆಟ್ಟಿದೆಯಾ?

ಮೇಷ್ಟ್ರು: ಇಲ್ಲ. ಲೋಡ್ ಬಿಟ್ಟ ಮೇಲೆ ಇಂಜಿನ್ ತಣ್ಣಗಾಗಲಿ ಅಂತ ಇಟ್ಟಿರೋ ಟೈಮರ್ ಅದು. ಮುಟ್ಟಬೇಡಿ.

ಛತ್ರದವರು, ತಿಪಟೂರು: ಸರ್, ನಮ್ಮದು 62.5 ಕೆವಿಎ. ಅರ್ಧ ಗಂಟೆ ಲೋಡ್ ಮೇಲೆ ಓಡಿದ್ರೆ ಆಯಿಲ್ ಪ್ರೆಶರ್ ಕಮ್ಮಿ ಅಂತ ಹೂಟರ್ ಹೊಡೆದು ನಿಂತುಹೋಗ್ತಿತ್ತು. ನಮ್ಮೂರ ಮೆಕ್ಯಾನಿಕ್ ಪ್ರೆಶರ್ ಸ್ವಿಚ್ಚಿನ ವೈರ್ ಕಿತ್ತು ಟೇಪ್ ಸುತ್ತಿದ. ಆಮೇಲೆ ಎರಡು ಮದುವೆ ಆಯ್ತು, ತೊಂದ್ರೆ ಇಲ್ಲ. ಒಂದೇ ಡೌಟು: ಈಗ ಕೀ ಆನ್ ಮಾಡಿದ್ರೆ ಆಯಿಲ್ ದೀಪ ಹತ್ತಲ್ಲ. ಬಲ್ಬ್ ಹೋಗಿದೆಯಾ?

ಮೇಷ್ಟ್ರು: ಬಲ್ಬ್ ಹೋಗಿಲ್ಲ ಸ್ವಾಮಿ. ದಯವಿಟ್ಟು ಸೆಟ್ ಸ್ಟಾರ್ಟ್ ಮಾಡಬೇಡಿ, ಇದನ್ನ ಪೂರ್ತಿ ಓದಿ.

ಆ ಸ್ವಿಚ್ಚಿಗೆ ಒಂದೇ ವೈರ್. ಇನ್ನೊಂದು ದಾರಿ ಸ್ವಿಚ್ಚಿನ ಬಾಡಿಯಿಂದ ಇಂಜಿನ್ ಬ್ಲಾಕಿಗೆ, ಅಲ್ಲಿಂದ ಬ್ಯಾಟರಿ ನೆಗೆಟಿವ್‌ಗೆ. ಪ್ರೆಶರ್ ಇಲ್ಲದಾಗ ಒಳಗಿನ ಕಾಂಟ್ಯಾಕ್ಟ್ ಸೇರಿರುತ್ತೆ. ಅದಕ್ಕೇ ಕೀ ಆನ್ ಮಾಡಿದ ಕೂಡಲೇ ದೀಪ ಹತ್ತಬೇಕು, ಇಂಜಿನ್ ಹಿಡಿದು ಆಯಿಲ್ ಒತ್ತಡ ಏರಿದ ಮೇಲೆ ಆರಬೇಕು. ಸ್ಟಾರ್ಟ್ ಆಗೋ ಮೊದಲ ಕೆಲವು ಸೆಕೆಂಡ್ ಒತ್ತಡ ಇರೋದೇ ಇಲ್ಲ, ಆದ್ದರಿಂದ ಆಗ ಕಂಟ್ರೋಲರ್ ಈ ಸಿಗ್ನಲ್ಲನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಆಮೇಲೆ ಕಾಂಟ್ಯಾಕ್ಟ್ ಸೇರಿತು ಅಂದ್ರೆ ಹೂಟರ್, ಹಿಂದೆಯೇ ಇಂಜಿನ್ನಿಗೆ ಡೀಸೆಲ್ ಬಿಡೋ ಫ್ಯೂಯೆಲ್ ಸೊಲೆನಾಯ್ಡ್ ಬಂದ್.

ಈಗ ವೈರ್ ಕಿತ್ತಿದ್ದೀರಿ. ಪ್ಯಾನೆಲ್ಲಿಗೆ ವೈರ್ ಕಿತ್ತರೂ ಒಂದೇ, ಪ್ರೆಶರ್ ಚೆನ್ನಾಗಿದ್ದರೂ ಒಂದೇ. ಆ ದೀಪ ಹತ್ತದೆ ಇದ್ದಿದ್ದೇ ನಿಮಗೆ ಬಂದ ಕೊನೇ ಅಲಾರಂ. ಡಿಪ್‌ಸ್ಟಿಕ್ ತೆಗೆದು ಆಯಿಲ್ ಎಲ್ಲಿವರೆಗಿದೆ, ಏನು ವಾಸನೆ ಅಂತ ಈಗಲೇ ಹೇಳಿ.

ರೈಸ್ ಮಿಲ್, ಗಂಗಾವತಿ: ನಮ್ಮಲ್ಲೂ ಹಂಗ ವೈರ್ ತಗದಾರ್ರಿ ಸರ್, ಎರಡು ವರ್ಷ ಆತು. ಏನೂ ಆಗಿಲ್ಲ. ಸುಮ್ನ ಹೆದರಸಬ್ಯಾಡ್ರಿ.

ಸೆಕ್ರೆಟರಿ, ಯಲಹಂಕ: ಇದಕ್ಕೇ ಹೇಳೋದು, ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್ ಇರಬೇಕು ಅಂತ.

ರೈಸ್ ಮಿಲ್: ಕಾಂಟ್ರ್ಯಾಕ್ಟ್ ಇದ್ದೂ ಕೂಲಿಂಗ್ ಟೈಮರ್ ಯಾವುದಂತ ಗೊತ್ತಿಲ್ಲ ನಿಮಗ!

ಸೆಕ್ರೆಟರಿ: ಮರ್ಯಾದೆ ಕೊಟ್ಟು ಮಾತಾಡಿ.

ಹೋಂಸ್ಟೇ, ಶಿರಸಿ: ಜಗಳದ ಮಧ್ಯೆ ನಂದೊಂದು ಪ್ರಶ್ನೆ. ಹೊಸ ಬ್ಯಾಟರಿ ಹಾಕಿದ್ರೂ ವಾರಕ್ಕೆ ಇಳಿಯುತ್ತೆ. ಚಾರ್ಜಿಂಗ್ ದೀಪದ ಬಲ್ಬ್ ಸುಟ್ಟಿತ್ತು, ಎಲ್‌ಇಡಿ ಹಾಕಿದೆ.

ಮೇಷ್ಟ್ರು: ಅಲ್ಲೇ ಎಡವಟ್ಟು. ಎಷ್ಟೋ ಸೆಟ್ಟಲ್ಲಿ ಆ ಬಲ್ಬಿನ ಮೂಲಕ ಹೋಗೋ ಸಣ್ಣ ಕರೆಂಟೇ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರನ್ನ ಎಬ್ಬಿಸೋದು. ಎಲ್‌ಇಡಿಯಲ್ಲಿ ಅಷ್ಟು ಕರೆಂಟ್ ಹರಿಯಲ್ಲ. ಮೊದಲಿದ್ದಷ್ಟೇ ವ್ಯಾಟಿನ ಬಲ್ಬ್ ಹಾಕಿ.

ಹೊಸ ಸದಸ್ಯ, ತುಮಕೂರು: ಬ್ಯಾಟರಿ ವೀಕ್ ಆದ್ರೆ ಪ್ರತಿ ಸೆಲ್ಲಿಗೂ ಎರಡು ಆಸ್ಪಿರಿನ್ ಮಾತ್ರೆ ಹಾಕಿ, ಹೊಸದರಂತೆ ಆಗುತ್ತೆ. ಬಂದಿದ್ದನ್ನ ಹಾಗೇ ಕಳಿಸಿದ್ದೀನಿ.

ಮೇಷ್ಟ್ರು: ಹಾಗೇ ಅಳಿಸಿಬಿಡಿ. ಮಾತ್ರೆ ಆಸಿಡ್‌ನಲ್ಲಿ ಒಡೆದು ಅಸಿಟಿಕ್ ಆಸಿಡ್ ಆಗಿ ಸೀಸದ ಪ್ಲೇಟ್ ತಿನ್ನುತ್ತೆ. ಮಾತ್ರೆ ತಲೆನೋವಿಗೆ ಇರಲಿ, ನನಗೆ ಬೇಕಾಗಬಹುದು.

ಕೋಲ್ಡ್ ಸ್ಟೋರೇಜ್, ಹಾಸನ: ಸರ್, ರೇಡಿಯೇಟರ್ ನೀರೆಲ್ಲ ಸೋರಿ ಇಂಜಿನ್ ಜಾಮ್ ಆಯ್ತು. ಟೆಂಪರೇಚರ್ ಅಲಾರಂ ಕೂಗಲೇ ಇಲ್ಲ. ಬಿಚ್ಚಿ ಕುದಿಯೋ ನೀರಲ್ಲಿ ಇಟ್ಟು ಮೀಟರ್ ಹಾಕಿದ್ರೆ 95 ಡಿಗ್ರಿ ಸ್ವಿಚ್ ಸರಿಯಾಗೇ ಇದೆ.

ಮೇಷ್ಟ್ರು: ಸ್ವಿಚ್ ನೋಡೋದು ನೀರಿನ ಬಿಸಿಯನ್ನ. ನೀರೇ ಇಲ್ಲದಿದ್ರೆ ಅದರ ತುದಿ ಬರೀ ಗಾಳಿಯಲ್ಲಿ ಇರುತ್ತೆ. ಅದಕ್ಕೇ ರೇಡಿಯೇಟರಿಗೆ ಬೇರೆ ಲೆವೆಲ್ ಸ್ವಿಚ್ ಹಾಕೋದು. ಇನ್ನೊಂದು: ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿದ್ರಾ?

ಕೋಲ್ಡ್ ಸ್ಟೋರೇಜ್: ಹೌದು, ಸೋರಬಾರದು ಅಂತ ನಾಲ್ಕು ಸುತ್ತು.

ಮೇಷ್ಟ್ರು: ಒಂದೇ ವೈರಿನ ಸ್ವಿಚ್ಚಿಗೆ ಬಾಡಿಯೇ ಅರ್ತ್. ಟೇಪ್ ಅದನ್ನ ತಡೆದಿರಬಹುದು. ನೀವು ಟೆಸ್ಟ್ ಮಾಡುವಾಗ ಮೀಟರನ್ನ ನೇರ ಬಾಡಿಗೇ ಮುಟ್ಟಿಸಿದ್ರಿ, ಅದಕ್ಕೆ ಪಾಸಾಯ್ತು. ಹೊಸ ಇಂಜಿನ್ನಿಗೆ ಟೇಪ್ ಬೇಡ, ವಾಷರ್ ಹಾಕಿ. ತಿಂಗಳಿಗೊಮ್ಮೆ, ಲೋಡ್ ಇಲ್ಲದೆ ಓಡ್ತಿರುವಾಗ ಸ್ವಿಚ್ಚಿನ ವೈರ್ ಬಿಚ್ಚಿ ಬ್ಲಾಕಿಗೆ ಮುಟ್ಟಿಸಿ. ಹೂಟರ್ ಹೊಡೆದು ಸೆಟ್ ನಿಲ್ಲಬೇಕು. ಫ್ಯಾನ್, ಬೆಲ್ಟಿನ ಹತ್ತಿರ ಕೈ ಒಯ್ಯಬೇಡಿ.

ಹೊಸ ಸದಸ್ಯ, ತುಮಕೂರು: ಸೆಕೆಂಡ್ ಹ್ಯಾಂಡ್ 25 ಕೆವಿಎ ಎಷ್ಟಕ್ಕೆ ಸಿಗುತ್ತೆ?

ಛತ್ರದವರು, ತಿಪಟೂರು: ಸರ್, ನೋಡಿದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ ಇದೆ. ನೀರಿನಂತೆ ತೆಳು. ಡೀಸೆಲ್ ವಾಸನೆ.

ಮೇಷ್ಟ್ರು: ಅನ್ಕೊಂಡೆ. ಆಯಿಲ್ ತಾನಾಗೇ ಹೆಚ್ಚಾಗಲ್ಲ, ಅದರೊಳಗೆ ಡೀಸೆಲ್ ಇಳಿದು ತೆಳು ಮಾಡ್ತಿದೆ. ತಣ್ಣಗಿದ್ದಾಗ ಹೇಗೋ ಪ್ರೆಶರ್ ಇರುತ್ತೆ, ಅರ್ಧ ಗಂಟೆ ಕಾದ ಮೇಲೆ ಬೀಳುತ್ತೆ. ನಿಮ್ಮ ಸ್ವಿಚ್ ನಿಜ ಹೇಳ್ತಿತ್ತು, ಅದರ ಬಾಯಿ ಮುಚ್ಚಿಸಿದ್ರಿ. ಇಂಜೆಕ್ಟರ್, ಫೀಡ್ ಪಂಪ್, ಇಂಜೆಕ್ಷನ್ ಪಂಪಿನ ಸೀಲ್ ನೋಡಿಸಿ, ಆಯಿಲ್, ಫಿಲ್ಟರ್ ಬದಲಿಸಿ. ಮೆಕ್ಯಾನಿಕಲ್ ಗೇಜ್ ಹಾಕಿ, ಬಿಸಿಯಾದಾಗ ಎಷ್ಟು ತೋರಿಸುತ್ತೆ ನೋಡದೆ ಲೋಡ್ ಕೊಡಬೇಡಿ. ಬೇರಿಂಗ್ ಸವೆದಿದೆಯಾ ಅಂತಲೂ ಆಗ ಗೊತ್ತಾಗುತ್ತೆ.

ಛತ್ರದವರು: ಭಾನುವಾರ ಮುಹೂರ್ತ ಇದೆ ಸರ್. ಅದೊಂದು ಮುಗಿಸಿಕೊಂಡ್ರೆ?

ಮೇಷ್ಟ್ರು: ಬಾಡಿಗೆ ಸೆಟ್ ತರಿಸಿ.

ರೈಸ್ ಮಿಲ್: ಸರ್... ನಮ್ಮದು ಆಯಿಲ್ ಎಷ್ಟು ಐತಿ ಅಂತ ನಾಳೆ ನೋಡ್ತೀನ್ರಿ.

ಮೇಷ್ಟ್ರು: ಈಗ ನೋಡ್ರಿ.

ಲಾಡ್ಜ್, ಮಂಡ್ಯ: ಗುರುಗಳೇ, ಕರೆಂಟ್ ಬಂದ ಮೇಲೂ ನಮ್ಮ ಸೆಟ್ ಸ್ವಲ್ಪ ಹೊತ್ತು ಓಡುತ್ತೆ, ಯಾಕೆ?

ಮೇಷ್ಟ್ರು: ಮೇಲಿದೆ, ಓದಿ.

ಲಾಡ್ಜ್, ಮಂಡ್ಯ: ಒಂದು ಮಾತು ಹೇಳಿದ್ರೆ ಏನು ಸವೆಯುತ್ತಿತ್ತು?

ಸೆಕ್ರೆಟರಿ, ಯಲಹಂಕ: ಕೂಲಿಂಗ್ ಟೈಮರ್ ಅದು. ಮುಟ್ಟಬೇಡಿ.

ಛತ್ರದವರು, ತಿಪಟೂರು: ವೈರ್ ವಾಪಸ್ ಹಾಕಿದೆ ಸರ್. ಕೀ ಆನ್ ಮಾಡಿದೆ, ದೀಪ ಹತ್ತಿತು. ಸ್ಟಾರ್ಟ್ ಮಾಡಿಲ್ಲ.

ಹೊಸ ಸದಸ್ಯ, ತುಮಕೂರು: 25 ಕೆವಿಎ ಬಗ್ಗೆ ಯಾರಾದ್ರೂ ಹೇಳಿ.